ಕೆಟ್ಟ ಟೆಸ್ಟ್ ಉಪಕರಣಗಳ ರಿಪೇರಿ: ಬಳ್ಳಾರಿ, ರಾಯಚೂರು, ಕೊಪ್ಪಳದ ಹ್ಯಾಮ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸೀಮೆಯ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರು ಮಾತುಕತೆಯಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ರೇಡಿಯೊ ಕೆಟ್ಟರೆ ಮೀಟರ್ ಹಚ್ಚಿ ನೋಡಬಹುದು. ಮೀಟರೇ ಕೆಟ್ಟರೆ ಯಾವುದನ್ನು ನಂಬಬೇಕು ಅನ್ನುವುದು ಈ ರಿಪೇರಿಯ ನಿಜವಾದ ಕಷ್ಟ. ಪೂರ್ತಿ ಸತ್ತ ಮೀಟರಿಗಿಂತ ತಪ್ಪು ತೋರಿಸುವ ಮೀಟರ್ ಹೆಚ್ಚು ಹಾನಿ ಮಾಡುತ್ತದೆ. ಆದ್ದರಿಂದ ರಿಪೇರಿ ಹೇಳಿದ ಕಡೆಗಳಲ್ಲಿ, ಅದು ಸರಿಯಾಗಿದೆಯೇ ಎಂದು ನೋಡುವ ದಾರಿಯನ್ನೂ ಹೇಳಲು ಪ್ರಯತ್ನಿಸಿದ್ದೇನೆ.

## ಬಿಚ್ಚುವ ಮುಂಚೆ

ಉಪಕರಣ ಆನ್ ಆಗವಲ್ದು. ಮೊದಲು ಏನು ನೋಡಬೇಕ್ರಿ?

ಸ್ಕ್ರೂ ಡ್ರೈವರ್ ಕೈಗೆ ತಗೊಳ್ಳುವ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಕೊನೆಯ ಸಲ ಸರಿಯಾಗಿ ಕೆಲಸ ಮಾಡಿದ್ದು ಯಾವಾಗ, ಆಮೇಲೆ ಏನಾಯಿತು? ಕರೆಂಟ್ ಹೋಗಿ ಬಂತೇ, ಗುಡುಗು ಮಿಂಚು ಇತ್ತೇ, ಯಾರಾದರೂ ಪಿಟಿಟಿ (ರೇಡಿಯೊದಲ್ಲಿ ಮಾತಾಡಲು ಒತ್ತುವ ಗುಂಡಿ) ಒತ್ತಿದರೇ, ಕೆಳಗೆ ಬಿತ್ತೇ? ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ. ಆಮೇಲೆ ಬ್ಯಾಟರಿ, ಬ್ಯಾಟರಿಯ ಸ್ಪ್ರಿಂಗ್ ಮೇಲಿನ ಹಸಿರು ಕಿಲುಬು, ಫ್ಯೂಸ್, ವೈರಿನ ಬುಡ, ಕೊನೆಗೆ ಸ್ವಿಚ್. ಈ ಕ್ರಮದಲ್ಲೇ ನೋಡಿ. ಒಳಗಿನ ಐಸಿಯ ಮೇಲೆ ಅನುಮಾನ ಪಡುವುದು ಇಷ್ಟೆಲ್ಲ ಆದ ಮೇಲೆ.

ಮಲ್ಟಿಮೀಟರಿನ ಟೆಸ್ಟ್ ಲೀಡುಗಳನ್ನು ಮರೆಯಬೇಡಿ. ಮೇಲಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗಿನ ತಂತಿ ತುಂಡಾಗಿರುವುದು ಬಹಳ ಸಾಮಾನ್ಯ. ಬೇರೆ ಲೀಡ್ ಹಾಕಿ ನೋಡಿ, ಆಮೇಲೆ ಮೀಟರ್ ಬಿಚ್ಚಿ.

ಸುಟ್ಟ ವಾಸನೆ ಬಂತು. ಇನ್ನೊಂದು ಸಲ ಹಚ್ಚಿ ನೋಡಲೇನ್ರಿ?

ಬೇಡ. ಮೊದಲ ಸಲ ಒಂದು ರೆಸಿಸ್ಟರ್ ಹೋಗಿದ್ದರೆ ಎರಡನೇ ಸಲ ಟ್ರಾನ್ಸ್‌ಫಾರ್ಮರ್ ಹೋಗಬಹುದು.

ಗಾಜಿನ ಫ್ಯೂಸನ್ನು ತೆಗೆದು ಬೆಳಕಿಗೆ ಹಿಡಿಯಿರಿ. ಒಳಗಿನ ತಂತಿ ಸುಮ್ಮನೆ ತುಂಡಾಗಿ ಗಾಜು ತಿಳಿಯಾಗಿದ್ದರೆ ಹಳತಾಗಿ ಹೋಗಿರಬಹುದು, ಇಲ್ಲವೇ ಸ್ವಲ್ಪ ಹೆಚ್ಚಿನ ಲೋಡ್ ಬಿದ್ದಿರಬಹುದು. ಗಾಜು ಕಪ್ಪಾಗಿ ಬೆಳ್ಳಿ ಹೊಗೆ ಮೆತ್ತಿದಂತಿದ್ದರೆ ಒಳಗೆ ಪೂರಾ ಶಾರ್ಟ್ ಇದೆ. ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ. ಫ್ಯೂಸ್ ಬದಲು ತಾಮ್ರದ ಎಳೆ ಸುತ್ತುವ ಅಭ್ಯಾಸ ಎಷ್ಟೋ ಒಳ್ಳೆಯ ಉಪಕರಣಗಳನ್ನು ಗುಜರಿಗೆ ಕಳಿಸಿದೆ. ದಯವಿಟ್ಟು ಅದನ್ನು ಬಿಡಿ.

ಟ್ರಾನ್ಸ್‌ಫಾರ್ಮರ್ ಇರುವ ಉಪಕರಣವನ್ನು ಮತ್ತೆ ಹಚ್ಚುವಾಗ ಸೀರೀಸ್ ಬಲ್ಬ್ (ಕರೆಂಟ್ ಬರುವ ವೈರಿನ ನಡುವೆ ಕೂಡಿಸಿದ ಬಲ್ಬ್) ಬಳಸಿ. 60 ಅಥವಾ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬ್ ಬೇಕು, ಎಲ್‌ಇಡಿ ನಡೆಯುವುದಿಲ್ಲ. ಬಲ್ಬ್ ಒಮ್ಮೆ ಮಿಂಚಿ ಮಂದವಾದರೆ ಸಮಾಧಾನ. ಪೂರ್ತಿ ಬೆಳಕಿನಲ್ಲೇ ನಿಂತರೆ ಶಾರ್ಟ್ ಇನ್ನೂ ಒಳಗಿದೆ. ಬಲ್ಬ್ ಕರೆಂಟನ್ನು ತಡೆಯುತ್ತದೆಯೇ ಹೊರತು ಶಾಕನ್ನು ತಡೆಯುವುದಿಲ್ಲ, ಇದು ನೆನಪಿರಲಿ.

ಹಳ್ಳಿಗಳಲ್ಲಿ ನ್ಯೂಟ್ರಲ್ ಕಿತ್ತುಹೋದಾಗ 230 ಇರಬೇಕಾದ ಕಡೆ 400ರ ಹತ್ತಿರ ವೋಲ್ಟೇಜ್ ಬರಬಹುದು. ಆಗ ಕರೆಂಟ್ ಬರುವ ಕಡೆ ಇರುವ ನಾಣ್ಯದಂಥ ವೆರಿಸ್ಟರ್ (ಹೆಚ್ಚಿನ ವೋಲ್ಟೇಜನ್ನು ತಾನೇ ನುಂಗುವ ಭಾಗ) ಒಡೆದು ಕಪ್ಪಾಗಿರುತ್ತದೆ. ಅದು ತನ್ನ ಕೆಲಸ ಮಾಡಿ ಹೋಗಿದೆ. ಹಿಂದಿನ ಭಾಗಗಳು ಬಹುಮಟ್ಟಿಗೆ ಉಳಿದಿರುತ್ತವೆ. ಅದೇ ಬೆಲೆಯ (ಅದೇ ವೋಲ್ಟ್ ಅಂಕಿಯ) ವೆರಿಸ್ಟರ್ ಹಾಕಿ, ಫ್ಯೂಸ್ ಹಾಕಿ, ಸೀರೀಸ್ ಬಲ್ಬಿನಲ್ಲಿ ನೋಡಿ.

ನನಗೆ ಲೈಸೆನ್ಸ್ ಇನ್ನೂ ಬಂದಿಲ್ಲಣ್ಣ. ಇದೆಲ್ಲ ಮಾಡಬಹುದಾ?

ಮೀಟರ್, ಆಸಿಲೋಸ್ಕೋಪ್ (ಸಿಗ್ನಲ್ಲಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಉಪಕರಣ), ಫ್ರೀಕ್ವೆನ್ಸಿ ಕೌಂಟರ್ ರಿಪೇರಿಗೆ ಹ್ಯಾಮ್ ಲೈಸೆನ್ಸ್ ಬೇಕಿಲ್ಲ. ಟ್ರಾನ್ಸ್‌ಮಿಟ್ ಮಾಡಲು ಬೇಕು. ರೇಡಿಯೊದಿಂದ ಪವರ್ ಹಚ್ಚಿ ಪರೀಕ್ಷಿಸುವ ಹಂತ ಬಂದಾಗ ಲೈಸೆನ್ಸ್ ಇರುವ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕೈಯಿಂದ ಮಾಡಿಸಿ. ಪರೀಕ್ಷೆಗೆ ಓದಲು ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ.

## ಮಲ್ಟಿಮೀಟರ್ ಮತ್ತು ಮುಳ್ಳಿನ ಮೀಟರ್

ಓಮ್‌ನಾಗ ಇಟ್ಟು ಪ್ಲಗ್ಗಿಗೆ ಹಚ್ಚಿಬಿಟ್ಟೆ. ಈಗ ವೋಲ್ಟ್ ಸರಿ ತೋರಸ್ತೈತಿ, ಓಮ್ ತಪ್ಪು. ಯಾಕ್ರಿ?

ವೋಲ್ಟ್ ಅಳೆಯುವ ದಾರಿ ಬೇರೆ, ಓಮ್ ಅಳೆಯುವ ದಾರಿ ಬೇರೆ. ನೀವು 230 ವೋಲ್ಟ್ ಹಾಯಿಸಿದ್ದು ಓಮ್ ದಾರಿಯಲ್ಲಿ. ಅಲ್ಲಿ ಸಾಮಾನ್ಯವಾಗಿ ಒಂದು ರಕ್ಷಣೆಯ ರೆಸಿಸ್ಟರ್ ಅಥವಾ ಪಿಟಿಸಿ (ಕಾದಾಗ ಕರೆಂಟನ್ನು ತಡೆಯುವ ರೆಸಿಸ್ಟರ್), ಜೊತೆಗೊಂದು ಟ್ರಾನ್ಸಿಸ್ಟರ್ ಇರುತ್ತದೆ. ಅಗ್ಗದ ಮೀಟರಿನಲ್ಲಿ ಓಮ್ ರೇಂಜಿನ ಚಿಕ್ಕ ರೆಸಿಸ್ಟರುಗಳೇ ಸುಟ್ಟಿರುತ್ತವೆ. ಬಿಚ್ಚಿ, ರೋಟರಿ ಸ್ವಿಚ್ಚಿನ ಸುತ್ತ ಭೂತಗನ್ನಡಿ ಹಿಡಿದು ನೋಡಿ. ಬಣ್ಣ ಮಾಸಿದ್ದು ಕಾಣುತ್ತದೆ. ಗುಣಿಸುವ ರೆಸಿಸ್ಟರುಗಳು 100, 900, 9 ಸಾವಿರ ಓಮ್ ಹೀಗೆ ಒಂಬತ್ತರ ಸಾಲಿನಲ್ಲಿ ಇರುವುದರಿಂದ ಪಕ್ಕದ್ದನ್ನು ನೋಡಿ ಸುಟ್ಟಿದ್ದು ಎಷ್ಟು ಓಮ್ ಎಂದು ಊಹಿಸಬಹುದು. ಶೇಕಡ 1ರ ರೆಸಿಸ್ಟರುಗಳನ್ನೇ ಹಾಕಿ.

ರಿಪೇರಿ ಆದ ಮೇಲೆ ಬೇರೆ ಬೇರೆ ಬೆಲೆಯ ಶೇಕಡ 1ರ ಮೆಟಲ್ ಫಿಲ್ಮ್ ರೆಸಿಸ್ಟರುಗಳನ್ನು ಅಳೆದು ನೋಡಿ. ಒಂದೇ ರೇಂಜ್ ತಪ್ಪಿದರೆ ಆ ರೇಂಜಿನ ರೆಸಿಸ್ಟರ್, ಎಲ್ಲ ರೇಂಜೂ ತಪ್ಪಿದರೆ ಎಲ್ಲದಕ್ಕೂ ಸೇರಿದ ಭಾಗ ಕೆಟ್ಟಿದೆ. ಸುಟ್ಟ ಗುರುತು ರೋಟರಿ ಸ್ವಿಚ್ಚಿನ ಹಾದಿಗೇ ತಗುಲಿದ್ದರೆ ಆ ಮೀಟರನ್ನು ಇನ್ನು ಮನೆ ಕರೆಂಟಿಗೆ ಹಚ್ಚಬೇಡಿ. ಬ್ಯಾಟರಿಯ ಕೆಲಸಕ್ಕಷ್ಟೇ ಇಟ್ಟುಕೊಳ್ಳಿ.

12 ವೋಲ್ಟಿನ ಬ್ಯಾಟರಿ 14 ತೋರಸಾಕತ್ತೈತಿ. ಮೀಟರ್ ಕೆಟ್ಟಿದೆಯಾ?

ಮೀಟರಿನ ಒಳಗಿನ 9 ವೋಲ್ಟಿನ ಬ್ಯಾಟರಿ ಇಳಿದಿರಬಹುದು. ಅಗ್ಗದ ಮೀಟರುಗಳು ಬ್ಯಾಟರಿ ಇಳಿದಂತೆ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ. ಬ್ಯಾಟರಿಯ ಗುರುತು ಪರದೆಯ ಮೇಲೆ ಮೂಡುವ ಮುಂಚೆಯೇ ಈ ಸುಳ್ಳು ಶುರುವಾಗಬಹುದು. ಹೊಸ ಬ್ಯಾಟರಿ ಹಾಕದೆ ಒಳಗಿನ ಪ್ರಿಸೆಟ್ (ರೀಡಿಂಗ್ ಹೊಂದಿಸುವ ಸ್ಕ್ರೂ) ತಿರುಗಿಸಬೇಡಿ.

ಅಂಕಿ ಅರ್ಧ ಅರ್ಧ ಕಾಣ್ತಾವ್ರಿ.

ಪರದೆಗೂ ಬೋರ್ಡಿಗೂ ನಡುವೆ ಕಪ್ಪು-ಬಿಳಿ ಗೆರೆಗಳ ರಬ್ಬರ್ ಪಟ್ಟಿ ಇರುತ್ತದೆ. ಧೂಳು ಕೂತರೆ ಅಂಕಿಯ ಗೆರೆಗಳು ಮಾಯವಾಗುತ್ತವೆ. ಪಟ್ಟಿಯನ್ನೂ ಬೋರ್ಡಿನ ಮೇಲಿನ ಹಳದಿ ಗೆರೆಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮೆತ್ತಗೆ ಒರೆಸಿ, ಒಣಗಿಸಿ, ಇದ್ದಂತೆಯೇ ಕೂರಿಸಿ ಬಿಗಿ ಮಾಡಿ.

ಮುಳ್ಳು ಅರ್ಧಕ್ಕೆ ಬಂದು ನಿಲ್ತೈತೆ. ಬಡಿದ್ರೆ ಮುಂದಕ್ಕೆ ಹೋಗುತ್ತೆ. ಕಾಯಿಲ್ ಹೋಯ್ತಾ?

ಕಾಯಿಲ್ ಹೋಗಿದ್ದರೆ ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ. ಬಳ್ಳಾರಿ, ಸಂಡೂರು, ತೋರಣಗಲ್ಲು, ಗಿಣಿಗೇರಿ ಕಡೆಯವರಿಂದ ಈ ಪ್ರಶ್ನೆ ಹೆಚ್ಚು ಬರುತ್ತದೆ, ಅದಕ್ಕೆ ಕಾರಣವೂ ಇದೆ. ಮುಳ್ಳಿನ ಮೀಟರಿನಲ್ಲಿ ಕಾಯಿಲ್ ತಿರುಗುವುದು ಬಲವಾದ ಅಯಸ್ಕಾಂತದ ನಡುವಿನ ಕೂದಲೆಳೆಯಂಥ ಸಂದಿಯಲ್ಲಿ. ಕೆಂಪು ಅದಿರಿನ ಧೂಳು ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ. ಆದರೆ ಸ್ಪಾಂಜ್ ಐರನ್ ಮತ್ತು ಉಕ್ಕಿನ ಕಾರ್ಖಾನೆಗಳ ಕಬ್ಬಿಣದ ಪುಡಿ, ಮ್ಯಾಗ್ನೆಟೈಟ್ ಕಣಗಳು ಆ ಸಂದಿಯನ್ನೇ ಹುಡುಕಿಕೊಂಡು ಹೋಗಿ ಕೂರುತ್ತವೆ. ಒಂದು ಕಣ ಸಾಕು, ಮುಳ್ಳು ಅಲ್ಲಿಗೆ ಬಂದು ನಿಲ್ಲುತ್ತದೆ.

ಮೊದಲು ಸುಲಭದ ಕಾರಣ ನೋಡಿ. ಪ್ಲಾಸ್ಟಿಕ್ ಮುಖವನ್ನು ಒಣ ಬಟ್ಟೆಯಲ್ಲಿ ಒರೆಸಿದ್ದರೆ ಸ್ಥಾಯಿ ವಿದ್ಯುತ್ ಮುಳ್ಳನ್ನು ಎಳೆದು ಹಿಡಿಯುತ್ತದೆ. ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಒರೆಸಿದರೆ ಮುಳ್ಳು ಬಿಟ್ಟುಕೊಳ್ಳುತ್ತದೆ.

ಆಗಲೂ ಸರಿಹೋಗದಿದ್ದರೆ ಮಳೆ ಬಂದು ಧೂಳು ಅಡಗಿದ ದಿನ ಆರಿಸಿ. ಫ್ಯಾನ್ ನಿಲ್ಲಿಸಿ, ಮೇಜಿನ ಮೇಲೆ ಹೊಸ ಬಿಳಿ ಹಾಳೆ ಹಾಸಿ ಮೀಟರ್ ಬಿಚ್ಚಿ. ಸೆಲ್ಲೊ ಟೇಪನ್ನು ಸಣ್ಣ ಚೂಪಾದ ಪಟ್ಟಿಯಾಗಿ ಕತ್ತರಿಸಿ, ಕಾಯಿಲಿಗೆ ತಾಗದಂತೆ ಸಂದಿಯಲ್ಲಿ ಇಳಿಸಿ ಹೊರಗೆಳೆಯಿರಿ. ಕಣ ಟೇಪಿಗೆ ಅಂಟಿ ಬರುತ್ತದೆ. ಉಕ್ಕಿನ ಚಿಮಟ ಹತ್ತಿರ ತರಬೇಡಿ, ಅಯಸ್ಕಾಂತ ಅದನ್ನು ಕಾಯಿಲಿನ ಮೇಲೆಯೇ ಸೆಳೆದುಕೊಳ್ಳುತ್ತದೆ. ಬಾಯಿಂದ ಊದುವುದೂ ಬೇಡ. ಮುಚ್ಚುವಾಗ ಮುಖದ ಅಂಚಿಗೆ ಸುತ್ತ ಟೇಪ್ ಹಾಕಿ. ಈ ನೆಲದಲ್ಲಿ ಆ ಒಂದು ಟೇಪ್ ಮೀಟರಿನ ಆಯಸ್ಸನ್ನು ಹೆಚ್ಚಿಸುತ್ತದೆ.

ಇಂಥ ಮೀಟರನ್ನು ಬಸ್ಸಿನಲ್ಲಿ ಒಯ್ಯುವಾಗ ಹಿಂದಿನ ಎರಡು ಟರ್ಮಿನಲ್‌ಗಳನ್ನು ತಂತಿಯಿಂದ ಕೂಡಿಸಿ. ಕಾಯಿಲ್ ಅಲುಗಿದಾಗ ಹುಟ್ಟುವ ಕರೆಂಟೇ ಅದನ್ನು ತಡೆಹಿಡಿಯುತ್ತದೆ, ಮುಳ್ಳು ಬಡಿದುಕೊಳ್ಳುವುದಿಲ್ಲ.

## ಡಮ್ಮಿ ಲೋಡ್, ಎಸ್‌ಡಬ್ಲ್ಯೂಆರ್ ಮೀಟರ್, ಪವರ್ ಸಪ್ಲೈ

ಡಮ್ಮಿ ಲೋಡ್ ಹಚ್ಚಿದ್ರೂ ಎಸ್‌ಡಬ್ಲ್ಯೂಆರ್ 2 ತೋರಸ್ತೈತಿ. ಯಾವುದು ಕೆಟ್ಟೈತಿ?

ಡಮ್ಮಿ ಲೋಡ್ ಅಂದರೆ ಆ್ಯಂಟೆನಾ ಬದಲು ರೇಡಿಯೊಗೆ ಹಚ್ಚುವ ರೆಸಿಸ್ಟರ್. ಎಸ್‌ಡಬ್ಲ್ಯೂಆರ್ ಅಂದರೆ ಕಳಿಸಿದ (ಫಾರ್ವರ್ಡ್) ಪವರಿನಲ್ಲಿ ಎಷ್ಟು ಹಿಂದಕ್ಕೆ ಬರುತ್ತಿದೆ (ರಿಫ್ಲೆಕ್ಟೆಡ್) ಎಂಬುದರ ಅಳತೆ, 1 ಬಂದರೆ ಏನೂ ಹಿಂದಿರುಗುತ್ತಿಲ್ಲ. ಮಲ್ಟಿಮೀಟರಿನಿಂದ ಡಮ್ಮಿ ಲೋಡನ್ನು ಅಳೆಯಿರಿ. 50 ಓಮ್‌ಗೆ ಹತ್ತಿರವಿರಬೇಕು. 100 ಅಥವಾ 25 ಬಂದರೆ ಮೀಟರ್ ತೋರಿಸಿದ 2 ನಿಜ. ರೆಸಿಸ್ಟರುಗಳು ಅತಿಯಾಗಿ ಕಾದು ಬೆಲೆ ಬದಲಿಸಿವೆ. ತಣ್ಣಗಿದ್ದಾಗ 50 ಇದ್ದು ಕಾದ ಮೇಲೆ ಏರುವುದೂ ಉಂಟು. ಆದ್ದರಿಂದ ಪವರ್ ಕೊಟ್ಟು ನಿಲ್ಲಿಸಿದ ತಕ್ಷಣ ಇನ್ನೊಮ್ಮೆ ಅಳೆಯಿರಿ.

ಮನೆಯಲ್ಲೇ ಹೊಸದು ಕಟ್ಟಬಹುದು. 1 ಕಿಲೊ ಓಮ್‌ನ 2 ವ್ಯಾಟಿನ 20 ರೆಸಿಸ್ಟರುಗಳನ್ನು ಪ್ಯಾರಲಲ್ ಕೂಡಿಸಿದರೆ 50 ಓಮ್, 40 ವ್ಯಾಟ್. ಕಾರ್ಬನ್ ಅಥವಾ ಮೆಟಲ್ ಆಕ್ಸೈಡ್ ತಗೊಳ್ಳಿ. ತಂತಿ ಸುತ್ತಿದ ಬಿಳಿ ಸಿಮೆಂಟಿನ ರೆಸಿಸ್ಟರ್ ಡಿಸಿಯಲ್ಲಿ 50 ತೋರಿಸಿದರೂ ರೇಡಿಯೊ ತರಂಗಕ್ಕೆ ಅದು ಕಾಯಿಲ್ ಆಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇರುವಾಗ ಬರೆದಷ್ಟು ವ್ಯಾಟ್ ತಾಳುತ್ತದೆಂದು ನಂಬಬೇಡಿ. ಅರ್ಧಕ್ಕೆ ನಿಲ್ಲಿಸಿ.

ಎಸ್‌ಡಬ್ಲ್ಯೂಆರ್ ಮೀಟರಿನಾಗ ಫಾರ್ವರ್ಡ್ ಬರ್ತೈತಿ, ರಿಫ್ಲೆಕ್ಟೆಡ್ ಸೊನ್ನೆ. ಆ್ಯಂಟೆನಾ ಅಷ್ಟು ಚಲೋ ಐತೇನ್ರಿ?

ಇದೇ ನಾನು ಹೇಳಿದ ಸುಳ್ಳು ಹೇಳುವ ಮೀಟರ್. ರಿಫ್ಲೆಕ್ಟೆಡ್ ಕಡೆಯ ಡಯೋಡ್ ಸತ್ತರೆ ಹರಿದುಬಿದ್ದ ಆ್ಯಂಟೆನಾ ಕೂಡ 1:1 ತೋರಿಸುತ್ತದೆ, ಇತ್ತ ರೇಡಿಯೊದ ಫೈನಲ್ ಟ್ರಾನ್ಸಿಸ್ಟರ್ (ಆ್ಯಂಟೆನಾಕ್ಕೆ ಪವರ್ ಕೊಡುವ ಕೊನೆಯ ಹಂತ) ಬಿಸಿಯಾಗುತ್ತಿರುತ್ತದೆ.

ಪರೀಕ್ಷೆ ಸುಲಭ. ಎರಡೂ ಕಡೆ ಒಂದೇ ರೀತಿಯ ಸರ್ಕ್ಯೂಟ್ ಇರುವ ಮೀಟರನ್ನು ಹಿಂದುಮುಂದು ಮಾಡಿ: ಆ್ಯಂಟೆನಾ ಸಾಕೆಟ್ಟಿಗೆ ರೇಡಿಯೊ, ರೇಡಿಯೊ ಸಾಕೆಟ್ಟಿಗೆ ಡಮ್ಮಿ ಲೋಡ್. ಕಡಿಮೆ ಪವರ್ ಕೊಡಿ. ಈಗ ರಿಫ್ಲೆಕ್ಟೆಡ್ ಮುಳ್ಳು ಫಾರ್ವರ್ಡಿನಂತೆ ಏಳಬೇಕು. ಏಳದಿದ್ದರೆ ಆ ಕಡೆಯ ಡಯೋಡ್ ಹೋಗಿದೆ. ಹೆಚ್ಚಾಗಿ ಹತ್ತಿರ ಬಿದ್ದ ಸಿಡಿಲೇ ಕಾರಣ.

ಹಳೆಯ ಮೀಟರುಗಳಲ್ಲಿ ಜರ್ಮೇನಿಯಂ ಡಯೋಡ್ ಇರುತ್ತದೆ. ಡಯೋಡ್ ರೇಂಜಿನಲ್ಲಿ ಅಳೆದರೆ 0.2ರಿಂದ 0.3 ವೋಲ್ಟ್ ತೋರಿಸಬೇಕು. ಅಂಗಡಿಯಲ್ಲಿ ಸಿಗುತ್ತದೆಂದು 1ಎನ್4148 ಹಾಕಿದರೆ ಅದು 0.6 ವೋಲ್ಟಿನ ಸಿಲಿಕಾನ್, ಕಡಿಮೆ ಪವರಿನಲ್ಲಿ ಮೀಟರ್ ಕುರುಡಾಗುತ್ತದೆ. 1ಎನ್34ಎ ಸಿಗದಿದ್ದರೆ 1ಎನ್5711 ಶಾಟ್ಕಿ ಹಾಕಿ. ಒಂದನ್ನೇ ಬದಲಿಸಬೇಡಿ. ನಾಲ್ಕೈದು ತಂದು, ಅಳೆದು, ಒಂದೇ ರೀಡಿಂಗ್ ಬರುವ ಜೋಡಿಯನ್ನು ಎರಡೂ ಕಡೆ ಹಾಕಿ.

ಮೀಟರ್ 5 ವ್ಯಾಟ್ ಅಂತೈತಿ. ನಿಜವಾಗಿ 5 ಐತಿ ಅಂತ ತಿಳಿಯೋದು ಹೆಂಗ?

ಡಮ್ಮಿ ಲೋಡಿನ ಎರಡು ತುದಿಗೆ ಒಂದು ಶಾಟ್ಕಿ ಡಯೋಡ್, ಒಂದು 0.01 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿಸಿ ಡಿಸಿ ವೋಲ್ಟ್ ಅಳೆಯಿರಿ. ಬಂದ ವೋಲ್ಟಿಗೆ ಡಯೋಡಿನ ಸುಮಾರು 0.3 ಕೂಡಿಸಿ, ಅದನ್ನು ಅದರಿಂದಲೇ ಗುಣಿಸಿ, 100ರಿಂದ ಭಾಗಿಸಿ. ಅದೇ ವ್ಯಾಟ್. 5 ವ್ಯಾಟಿಗೆ ಸುಮಾರು 22 ವೋಲ್ಟ್ ಬರಬೇಕು. 1ಎನ್5711 ತಾಳುವುದು 70 ವೋಲ್ಟ್ ಹಿಮ್ಮುಖ. ಡಯೋಡಿನ ಮೇಲೆ ಪೀಕ್ ವೋಲ್ಟಿನ ಎರಡರಷ್ಟು ಬೀಳುವುದರಿಂದ 10 ವ್ಯಾಟಿನ ಮೇಲೆ ಈ ಡಯೋಡಿನಿಂದ ಅಳೆಯಬೇಡಿ.

13.8 ವೋಲ್ಟಿನ ಪವರ್ ಸಪ್ಲೈ 22 ಕೊಡ್ತಾ ಐತೆ!

ತಕ್ಷಣ ರೇಡಿಯೊ ಕಳಚಿ. 2ಎನ್3055ನಂಥ ಪಾಸ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಒಳಗಿನ ಪೂರಾ ವೋಲ್ಟೇಜ್ ಹೊರಬಂದಿದೆ. ಕಲೆಕ್ಟರ್ ಮತ್ತು ಎಮಿಟರ್ ನಡುವೆ ಅಳೆಯಿರಿ. ಎರಡೂ ದಿಕ್ಕಿನಲ್ಲಿ ಸೊನ್ನೆಯ ಹತ್ತಿರ ಬಂದರೆ ಅದೇ ಕಳ್ಳ. ಹಲವು ಇದ್ದರೆ ಒಂದೊಂದಾಗಿ ಕಳಚಿ ಅಳೆಯಿರಿ. ಬದಲಿಸುವಾಗ ಮೈಕಾ ಹಾಳೆ ಮತ್ತು ಹೀಟ್ ಸಿಂಕ್ ಪೇಸ್ಟ್ ಹೊಸದು ಹಾಕಿ. ಕ್ರೋಬಾರ್ (ವೋಲ್ಟ್ ಏರಿದರೆ ಶಾರ್ಟ್ ಮಾಡಿ ಫ್ಯೂಸ್ ಹಾರಿಸುವ ಸರ್ಕ್ಯೂಟ್) ಇಲ್ಲದ ಸಪ್ಲೈಗೆ ಒಂದು ಎಸ್‌ಸಿಆರ್, ಒಂದು ಝೀನರ್, ಒಂದು ಫ್ಯೂಸಿನಿಂದ ಅದನ್ನು ಸೇರಿಸಿ. ಮುಂದಿನ ಸಲ ಫ್ಯೂಸ್ ಹೋಗುತ್ತದೆ, ರೇಡಿಯೊ ಉಳಿಯುತ್ತದೆ.

## ನ್ಯಾನೊವಿಎನ್‌ಎ, ಟೈನಿಎಸ್‌ಎ, ಆ್ಯಂಟೆನಾ ಅನಲೈಸರ್

ನ್ಯಾನೊವಿಎನ್‌ಎ ಹಚ್ಚಿದ್ದಾಗ ಯಾರೋ ಹ್ಯಾಂಡಿಯ ಪಿಟಿಟಿ ಒತ್ತಿದ್ರು. ಉಳಿದೈತೇನ್ರಿ?

ನ್ಯಾನೊವಿಎನ್‌ಎ ಅಂದರೆ ಆ್ಯಂಟೆನಾ, ಕೇಬಲ್ ಅಳೆಯುವ ಅಂಗೈಯಗಲದ ಉಪಕರಣ. ಹ್ಯಾಂಡಿ ಅಂದರೆ ಕೈಯಲ್ಲಿ ಹಿಡಿಯುವ ರೇಡಿಯೊ. ಪರದೆ ಬೆಳಗಿದರೆ ಆಶೆ ಇಟ್ಟುಕೊಳ್ಳಬಹುದು. ಒಳಗಿನ ಚಿಕ್ಕ ರೆಸಿಸ್ಟರುಗಳು ವ್ಯಾಟಿನ ಹತ್ತನೇ ಒಂದು ಪಾಲಿನ ಆಸುಪಾಸಿನವು. ಅವುಗಳ ಮೇಲೆ 5 ವ್ಯಾಟ್ ಬಿದ್ದರೆ ಮೊದಲು ಸುಡುವುದು ಅವೇ.

ಮೊದಲು ಹಳೆಯ ಕ್ಯಾಲಿಬ್ರೇಶನ್ ಅಳಿಸಿ, ಓಪನ್, ಶಾರ್ಟ್, ಲೋಡ್ ಹಾಕಿ ಹೊಸದಾಗಿ ಮಾಡಿ. ಸ್ಮಿತ್ ಚಾರ್ಟಿನಲ್ಲಿ (ಪರದೆಯ ಮೇಲಿನ ದುಂಡನೆಯ ನಕ್ಷೆ) ಓಪನ್ ಬಲ ತುದಿಗೆ, ಶಾರ್ಟ್ ಎಡ ತುದಿಗೆ, ಲೋಡ್ ನಡುವಿಗೆ ಬರಬೇಕು. ಆಮೇಲೆ, ಕ್ಯಾಲಿಬ್ರೇಶನ್ ಮಾಡಿದ ಲೋಡನ್ನಲ್ಲದೆ ಬೇರೊಂದು ವಸ್ತುವನ್ನು ಹಾಕಿ. 100 ಓಮ್‌ನ ಚಿಕ್ಕ ರೆಸಿಸ್ಟರ್ ಬೆಸೆದ ಎಸ್‌ಎಂಎ ಸಾಕೆಟ್ ಇಟ್ಟುಕೊಳ್ಳಿ, ಅದಕ್ಕೆ ಎಸ್‌ಡಬ್ಲ್ಯೂಆರ್ 2 ಬರಬೇಕು. ಕ್ಯಾಲಿಬ್ರೇಶನ್ ಕೆಲವು ದೋಷಗಳನ್ನು ಮುಚ್ಚಿಹಾಕುತ್ತದೆ. ಈ 100 ಓಮ್ ಅದನ್ನು ಹೊರಗೆಳೆಯುತ್ತದೆ.

ಸಿಗ್ನಲ್ ಹೊರಬರುತ್ತಿದೆಯೇ ಎಂದು ನೋಡಲು 7.1 ಮೆಗಾಹರ್ಟ್ಜ್‌ಗೆ ನಿಲ್ಲಿಸಿ, ಪಕ್ಕದ ಎಚ್‌ಎಫ್ ರೇಡಿಯೊದಲ್ಲಿ ಕೇಳಿ. ಶಿಳ್ಳೆ ಬಂದರೆ ಸಿಗ್ನಲ್ ಹುಟ್ಟಿಸುವ ಐಸಿ ಎಸ್‌ಐ5351 ಬದುಕಿದೆ. ಬ್ರಿಜ್ಜಿನ ರೆಸಿಸ್ಟರುಗಳನ್ನು ಅಳೆಯಿರಿ, ಒಂದೇ ಬೆಲೆಯವುಗಳಲ್ಲಿ ಬೇರೆ ತೋರಿಸಿದ್ದನ್ನು ಬದಲಿಸಿ. ಆಗಲೂ ಸರಿಹೋಗದಿದ್ದರೆ ಎಂಟು ಕಾಲಿನ ಎಸ್‌ಎ612 ಮಿಕ್ಸರ್ ಬದಲಿಸಿ. ಮೂಲ ವಿನ್ಯಾಸದಲ್ಲಿ ಮೂರು ಇರುತ್ತವೆ. ಕಾಲುಗಳ ಡಿಸಿ ವೋಲ್ಟ್ ಮೂರರಲ್ಲೂ ಅಳೆದು ಹೋಲಿಸಿದರೆ ಕೆಟ್ಟಿದ್ದು ತಾನಾಗಿ ಬೇರೆ ಕಾಣುತ್ತದೆ.

ಟೈನಿಎಸ್‌ಎದಾಗ ನನ್ನ ಹ್ಯಾಂಡಿಯ ಹಾರ್ಮೋನಿಕ್ ನೋಡಬೇಕು. ಎಷ್ಟು ಅಟೆನ್ಯುಯೇಟರ್ ಹಾಕಲಿ?

ಟೈನಿಎಸ್‌ಎ ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ತೋರಿಸುವ ಚಿಕ್ಕ ಉಪಕರಣ. ಹಾರ್ಮೋನಿಕ್ ಅಂದರೆ ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನಲ್ಲಿ ಬರುವ ಬೇಡದ ಸಿಗ್ನಲ್, ಅಟೆನ್ಯುಯೇಟರ್ ಅಂದರೆ ಸಿಗ್ನಲ್ ಕುಗ್ಗಿಸುವ ಭಾಗ. 5 ವ್ಯಾಟ್ ಅಂದರೆ 37 ಡಿಬಿಎಂ (1 ಮಿಲಿವ್ಯಾಟಿಗೆ ಹೋಲಿಸಿದ ಅಳತೆ). 10 ಡಿಬಿಎಂ, ಅಂದರೆ 10 ಮಿಲಿವ್ಯಾಟನ್ನೇ ಅಪಾಯದ ಗಡಿ ಎಂದಿಟ್ಟುಕೊಂಡು ಅದರಿಂದ ದೂರ ಇರಿ. 40 ಡಿಬಿ ಹಾಕಿದರೆ ಒಳಗೆ ಹೋಗುವುದು ಮೈನಸ್ 3 ಡಿಬಿಎಂ, ಅರ್ಧ ಮಿಲಿವ್ಯಾಟ್. ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. 20 ಮತ್ತು 20 ಎಂದು ಎರಡು ಹಾಕಿದರೆ ಮೊದಲನೆಯದು 5 ವ್ಯಾಟಿನಲ್ಲಿ 4.95 ವ್ಯಾಟನ್ನು ತಾನೇ ನುಂಗಬೇಕು. ಸುಲಭವಾಗಿ ಸಿಗುವ ಚಿಕ್ಕ ಎಸ್‌ಎಂಎ ಅಟೆನ್ಯುಯೇಟರುಗಳು ಬಹುಪಾಲು 2 ವ್ಯಾಟಿನವು. ಅದು ಸುಟ್ಟು ದಾರಿ ಬಿಟ್ಟರೆ ಹಿಂದಿನದೆಲ್ಲ ಹೋಗುತ್ತದೆ. ರೇಡಿಯೊ ಕಡೆಗೆ 10 ವ್ಯಾಟಿನದು, ಅದರ ಹಿಂದೆ ಚಿಕ್ಕದು. ಹ್ಯಾಂಡಿಯನ್ನು ಲೋ ಪವರಿನಲ್ಲಿಟ್ಟು ಶುರು ಮಾಡಿ.

ಪಿಟಿಟಿ ಯಾರೂ ಒತ್ತಿಲ್ಲ. ಆದ್ರೂ ಅನಲೈಸರ್ ಸತ್ತೈತಿ. ಹೆಂಗ್ರಿ?

ನಮ್ಮ ಬೇಸಿಗೆಯ ಒಣ ಧೂಳುಗಾಳಿಯೇ ಸಾಕು. ಉದ್ದನೆಯ ಡೈಪೋಲ್ ಆ್ಯಂಟೆನಾದ ತಂತಿಗೆ ಧೂಳು ಉಜ್ಜುತ್ತ ಹೋದಂತೆ ಸ್ಥಾಯಿ ವಿದ್ಯುತ್ ತುಂಬಿಕೊಳ್ಳುತ್ತದೆ. ಆ್ಯಂಟೆನಾದಿಂದ ಬರುವ ಕೋಆ್ಯಕ್ಸ್ ಕೇಬಲನ್ನು ಅನಲೈಸರಿಗೆ ಹಚ್ಚಿದ ಕ್ಷಣ ಅದೆಲ್ಲ ಡಿಟೆಕ್ಟರ್ ಡಯೋಡಿನ ಮೂಲಕ ಹರಿಯುತ್ತದೆ. ಎಂಎಫ್‌ಜೆ-259ಬಿ ಎಂಬ ಅನಲೈಸರಿನ ಕೈಪಿಡಿಯೇ ಆ್ಯಂಟೆನಾ ಸಾಕೆಟ್ಟಿಗೆ ಹೊರಗಿನ ವೋಲ್ಟೇಜ್ ತಾಗಿಸಬೇಡಿ ಎಂದು ಎಚ್ಚರಿಸುತ್ತದೆ. ಅದರ ಡಯೋಡುಗಳು ಅಷ್ಟು ಸೂಕ್ಷ್ಮ.

ಹಚ್ಚುವ ಮುಂಚೆ ಕೋಆ್ಯಕ್ಸಿನ ನಡುವಿನ ಪಿನ್ನನ್ನು ಹೊರಗಿನ ಕವಚಕ್ಕೆ ಒಂದು ಕ್ಷಣ ತಾಗಿಸಿ. ಆ್ಯಂಟೆನಾದ ಬುಡದಲ್ಲಿ ಎರಡೂ ತಂತಿಗಳ ನಡುವೆ 100 ಕಿಲೊ ಓಮ್ ರೆಸಿಸ್ಟರ್ ಕಾಯಂ ಇದ್ದರೆ ವಿದ್ಯುತ್ ತುಂಬಿಕೊಳ್ಳುವುದಿಲ್ಲ. ಕೋಆ್ಯಕ್ಸಿನ ಕವಚಕ್ಕೆ ಅರ್ಥಿಂಗ್ ಇರಲಿ. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಅರ್ಥ್ ರಾಡ್ ಮಣ್ಣಿನಿಂದ ಬಿಟ್ಟುಕೊಂಡಿರುತ್ತದೆ. ಬುಡಕ್ಕೆ ಆಗಾಗ ನೀರು ಹಾಕಿ.

## ಆಸಿಲೋಸ್ಕೋಪ್ ಮತ್ತು ಕೌಂಟರ್

ಕಾಲೇಜಿನಿಂದ ತಂದ ಹಳೆಯ ಸ್ಕೋಪ್. ಗೆರೆನೇ ಬರ್ತಿಲ್ಲ.

ಬಿಚ್ಚಬೇಡಿ, ಮೊದಲು ನಾಬುಗಳನ್ನು ನೋಡಿ. ಟ್ರಿಗರ್ ಆಟೊಗೆ, ಇನ್‌ಪುಟ್ ಗ್ರೌಂಡಿಗೆ, ಎರಡೂ ಪೊಸಿಶನ್ ನಡುವಿಗೆ, ಎಕ್ಸ್‌ವೈ ಗುಂಡಿ ಹೊರಗೆ, ಇಂಟೆನ್ಸಿಟಿ ಅರ್ಧಕ್ಕೆ. ಇಷ್ಟರಲ್ಲೇ ಗೆರೆ ಬರುವುದುಂಟು. ನಾಬ್ ತಿರುಗಿಸಿದಾಗ ಗೆರೆ ಹಾರಿದರೆ ಕಾಂಟ್ಯಾಕ್ಟ್ ಕ್ಲೀನರ್ ಬೇಕು. ತುಕ್ಕು ಬಿಡಿಸುವ ಎಣ್ಣೆಯನ್ನು ಸಿಂಪಡಿಸಬೇಡಿ, ಅದಕ್ಕೆ ಧೂಳು ಅಂಟುತ್ತದೆ.

ಇದರಾಚೆ ಹೋಗಬೇಕೆಂದರೆ ಒಬ್ಬರೇ ಕೂತು ಮಾಡಬೇಡಿ. ಸಿಆರ್‌ಟಿ ಸ್ಕೋಪಿನ ಒಳಗೆ ಸುಮಾರು 2 ಸಾವಿರ ವೋಲ್ಟ್, ಕೆಲವದರಲ್ಲಿ ಅದಕ್ಕಿಂತ ಹೆಚ್ಚು, ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಕಡಿಮೆ ವೋಲ್ಟಿನ ಸಪ್ಲೈಗಳನ್ನೇ ಮೊದಲು ಅಳೆಯಿರಿ. ಹಳೆಯ ಸ್ಕೋಪಿನಲ್ಲಿ ತೊಂದರೆ ಬಹುಮಟ್ಟಿಗೆ ಅಲ್ಲೇ ಇರುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧವಾಗುತ್ತದೆ. ನಮ್ಮ ಊರುಗಳಲ್ಲಿ 85 ಡಿಗ್ರಿಯದನ್ನು ತೆಗೆದು 105 ಡಿಗ್ರಿಯದನ್ನೇ ಹಾಕಿ.

ಪ್ರೋಬ್ ಕೆಟ್ಟೈತೋ ಸ್ಕೋಪ್ ಕೆಟ್ಟೈತೋ?

10 ಪಟ್ಟಿನ ಪ್ರೋಬನ್ನು ಸ್ಕೋಪಿನಿಂದ ಕಳಚಿ, ಮೂತಿಯಿಂದ ಬಿಎನ್‌ಸಿಯ ನಡುವಿನ ಪಿನ್ನಿಗೆ ಅಳೆಯಿರಿ. ಸುಮಾರು 9 ಮೆಗಾ ಓಮ್ ಬರಬೇಕು. 1 ಪಟ್ಟಿಗೆ ತಿರುಗಿಸಿದರೆ ಕೆಲವು ನೂರು ಓಮ್. ಏನೂ ಬರದಿದ್ದರೆ ಕೂದಲಿನಂಥ ಒಳ ತಂತಿ ತುಂಡಾಗಿದೆ. ಅದನ್ನು ಬೆಸೆಯುವ ಶ್ರಮಕ್ಕಿಂತ ಹೊಸ ಪ್ರೋಬ್ ಮೇಲು. ಪ್ರೋಬಿನ ಗ್ರೌಂಡ್ ಕ್ಲಿಪ್ ನೇರವಾಗಿ ಅರ್ಥಿಗೆ ಕೂಡಿರುತ್ತದೆ, ಮನೆ ಕರೆಂಟಿಗೆ ಕೂಡಿದ ಸರ್ಕ್ಯೂಟಿಗೆ ಅದನ್ನು ಕಚ್ಚಿಸಬೇಡಿ. ಅರ್ಥ್ ಪಿನ್ ಕತ್ತರಿಸುವುದು ಪರಿಹಾರವಲ್ಲ, ಪ್ರಾಣಕ್ಕೇ ಕುತ್ತು.

ಬಿಡಿಭಾಗ ಎಲ್ಲಿ ಸಿಗ್ತಾವ್ರಿ?

ರಾಯಚೂರಿನವರಿಗೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ ಹತ್ತಿರ, ಬಳ್ಳಾರಿಯವರು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುತ್ತಾರೆ. ಹೋಗುವಾಗ ಹಳೆಯ ಭಾಗವನ್ನೇ ಒಯ್ಯಿರಿ. ಜರ್ಮೇನಿಯಂ ಡಯೋಡ್ ಎಂದು ಕೊಟ್ಟಿದ್ದನ್ನು ಅಂಗಡಿಯಲ್ಲೇ ಮೀಟರ್ ಹಚ್ಚಿ ನೋಡಿ. 0.6 ಬಂದರೆ ವಾಪಸ್ ಕೊಡಿ. ಹಳೆಯ ಟಿವಿ, ರೇಡಿಯೊ ಬೋರ್ಡುಗಳನ್ನು ಗುಜರಿಗೆ ಹಾಕುವ ಮುಂಚೆ ಡಯೋಡ್, ಟ್ರಿಮ್ಮರ್, ಹೀಟ್ ಸಿಂಕ್ ಬಿಡಿಸಿಟ್ಟುಕೊಳ್ಳಿ.

ಫ್ರೀಕ್ವೆನ್ಸಿ ಕೌಂಟರ್ ರಿಪೇರಿ ಆಯ್ತು. ಸರಿ ತೋರಸ್ತೈತಿ ಅಂತ ನಂಬೋದು ಹೆಂಗ?

ದುಬಾರಿ ಸ್ಟ್ಯಾಂಡರ್ಡ್ ಬೇಡ, ಆಕಾಶವಾಣಿ ಇದೆ. ಧಾರವಾಡ ಕೇಂದ್ರ 765 ಕಿಲೊಹರ್ಟ್ಜ್‌ನಲ್ಲಿದೆ. ಪ್ರಸಾರ ಕೇಂದ್ರಗಳು ತಮ್ಮ ಫ್ರೀಕ್ವೆನ್ಸಿಯನ್ನು ಬಹಳ ಬಿಗಿಯಾಗಿ ಕಾಯುತ್ತವೆ. ಮೀಡಿಯಂ ವೇವ್ ರೇಡಿಯೊದಲ್ಲಿ ಅದನ್ನು ಹಿಡಿದು, ಸಿಗ್ನಲ್ ಜನರೇಟರಿನ ತಂತಿಯನ್ನು ರೇಡಿಯೊ ಹತ್ತಿರ ಇಟ್ಟು 765ರ ಸುತ್ತ ನಿಧಾನವಾಗಿ ತಿರುಗಿಸಿ. ಶಿಳ್ಳೆ ಇಳಿಯುತ್ತ ಇಳಿಯುತ್ತ ಕೇಳದಂತಾಗುತ್ತದೆ. ಅಲ್ಲಿಗೇ ನಿಲ್ಲಬೇಡಿ. ಹಾಡಿನ ದನಿ ಅಲೆ ಅಲೆಯಾಗಿ ಏರಿಳಿಯುವುದು ನಿಧಾನವಾಗಿ, ಬಹುತೇಕ ನಿಲ್ಲುವವರೆಗೆ ತಿರುಗಿಸಿ. ಈಗ ಜನರೇಟರ್ ಧಾರವಾಡದ ಮೇಲೆಯೇ ಕೂತಿದೆ. ಅದನ್ನು ಕೌಂಟರಿನಲ್ಲಿ ಓದಿ.

ಕೌಂಟರ್ 765.020 ತೋರಿಸಿತು ಅನ್ನಿ. 7 ಲಕ್ಷದ 65 ಸಾವಿರಕ್ಕೆ 20 ಹರ್ಟ್ಜ್ ತಪ್ಪು, ಅಂದರೆ ದಶಲಕ್ಷಕ್ಕೆ ಸುಮಾರು 26. ಕೇಳಲು ಸಣ್ಣದು, ಆದರೆ 145 ಮೆಗಾಹರ್ಟ್ಜ್‌ನಲ್ಲಿ ಅದೇ ತಪ್ಪು ಸುಮಾರು 3.8 ಕಿಲೊಹರ್ಟ್ಜ್ ಆಗುತ್ತದೆ. ಕೌಂಟರನ್ನು ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಒಳಗಿನ ಕ್ರಿಸ್ಟಲ್ ಪಕ್ಕದ ಟ್ರಿಮ್ಮರನ್ನು ಪ್ಲಾಸ್ಟಿಕ್ ಸ್ಕ್ರೂ ಡ್ರೈವರಿನಿಂದ ಕೂದಲಷ್ಟು ತಿರುಗಿಸಿ, 765.000 ಬರುವವರೆಗೆ ಸರಿ ಮಾಡಿ. ತಾರೀಖು, ಕೋಣೆಯ ಉಷ್ಣತೆ ಎರಡನ್ನೂ ಪೆಟ್ಟಿಗೆಯ ಹಿಂದೆ ಚೀಟಿಯಲ್ಲಿ ಬರೆದು ಅಂಟಿಸಿ. ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಇದೇ ರೀತಿ ನೋಡಿ, ಬಂದ ಅಂಕಿಯನ್ನು ಅದೇ ಚೀಟಿಗೆ ಸೇರಿಸುತ್ತ ಹೋಗಿ.